ಬವಳಿ ಬಂದವರನ್ನು ಕುಳ್ಳಿರಿಸಬೇಡಿರಿ

ಸಿರುಗುಪ್ಪ ತಾಲ್ಲೂಕಿನ ದೇಶನೂರಿನ ಕಾಲುವೆ ವಿಜಯನಗರದ ಅರಸರ ಕಾಲದ್ದು. ಅಂತಹ ನೀರಾವರಿ ಗದ್ದೆಯಲ್ಲಿ ಬಿಸಿಲಿಗೆ ಬೆನ್ನೊಡ್ಡಿ ನಾಟಿ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ಥಟ್ಟನೆ ಎದ್ದು ನಿಲ್ಲುತ್ತಾಳೆ. ಕಣ್ಣಿಗೆ ಕತ್ತಲೆ ಕವಿಯುತ್ತದೆ, ಕುಸಿದು ಬೀಳುತ್ತಾಳೆ. ನಾಲ್ಕು ಜನ ಓಡಿಬಂದು ಆಕೆಯನ್ನು ಎತ್ತಿ ಕುಳ್ಳಿರಿಸುತ್ತಾರೆ. ಒಬ್ಬರು ಬಾಯಿಗೆ ನೀರು ಹೊಯ್ಯುತ್ತಾರೆ. ಇನ್ನೊಬ್ಬರು ಕೈಗೆ ಕಬ್ಬಿಣ ಕೊಡುತ್ತಾರೆ. ಅಕ್ಕರೆಯಿಂದ ಮಾಡಿದ ಈ ಮೂರೂ ಉಪಚಾರಗಳು ತಪ್ಪು.

ಏಕೆ? ನಿಂತವರಲ್ಲಿ ಹೃದಯದಿಂದ ಮಿದುಳಿಗೆ ರಕ್ತ ಮೇಲಕ್ಕೇರಬೇಕು. ಬಿಸಿಲು, ಹಸಿವು, ನೀರಡಿಕೆ, ಬಹಳ ಹೊತ್ತು ನಿಲ್ಲುವುದು, ಅಂಜಿಕೆ ಇವುಗಳಿಂದ ರಕ್ತದ ಒತ್ತಡ ಇಳಿಯಬಹುದು. ಬಗ್ಗಿದವರು ಒಮ್ಮೆಲೇ ಎದ್ದರೆ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಮಿದುಳಿಗೆ ಸುಮಾರು 10 ಸೆಕೆಂಡು ರಕ್ತ ತಪ್ಪಿದರೂ ಎಚ್ಚರ ಹೋಗುತ್ತದೆ. ಇಂತಹ ಬವಳಿಯಲ್ಲಿ ಬೀಳುವುದೇ ಪ್ರಕೃತಿ ಮಾಡುವ ಚಿಕಿತ್ಸೆ. ಮಟ್ಟಸವಾದ ಗದ್ದೆಯಲ್ಲಿ ನೀರು ಎಲ್ಲ ಮೂಲೆಗೂ ಮುಟ್ಟುವಂತೆ, ಮಲಗಿದ ದೇಹದಲ್ಲಿ ರಕ್ತ ಮಿದುಳನ್ನು ಸುಲಭವಾಗಿ ಮುಟ್ಟುತ್ತದೆ. ಕುಳ್ಳಿರಿಸಿದರೆ ಆ ದಾರಿಯನ್ನು ನಾವೇ ಕಟ್ಟಿದಂತೆ.

ನಮ್ಮ ಭಾಷೆಯ ಒಂದು ತೊಡಕನ್ನೂ ಇಲ್ಲಿ ಬಿಡಿಸಬೇಕು. ‘ಮೂರ್ಛೆ’ ಎಂಬ ಒಂದೇ ಮಾತು ಬವಳಿಗೂ ಸಲ್ಲುತ್ತದೆ, ಅಪಸ್ಮಾರಕ್ಕೂ ಸಲ್ಲುತ್ತದೆ. ಬವಳಿ ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಿಳಿಯಾಗುತ್ತದೆ. ಅಪಸ್ಮಾರದಲ್ಲಿ ಕೈಕಾಲು ಸೆಟೆದು ಅದುರುವುದು, ನಾಲಗೆ ಕಚ್ಚಿಕೊಳ್ಳುವುದು, ಆಮೇಲೆ ಬಹಳ ಹೊತ್ತು ಮಂಕು ಉಂಟು. ಕಬ್ಬಿಣದಿಂದ ಎರಡಕ್ಕೂ ಪ್ರಯೋಜನವಿಲ್ಲ. ಎಚ್ಚರವಿದ್ದೂ ಮನೆಯೇ ತಿರುಗಿದಂತಾಗುವ ತಲೆಸುತ್ತು ಇನ್ನೊಂದು ಬಗೆ. ಒಳಗಿವಿಯ ಸಣ್ಣ ಸುಣ್ಣದ ಹರಳುಗಳು ಸ್ಥಾನ ತಪ್ಪಿದರೆ ಮಗ್ಗುಲು ಬದಲಿಸಿದಾಗಲೆಲ್ಲ ಅದು ಬರುತ್ತದೆ. ತಲೆಯನ್ನು ಕ್ರಮವಾಗಿ ತಿರುಗಿಸಿ ವೈದ್ಯರು ಅದನ್ನು ಗುಣಪಡಿಸಬಲ್ಲರು.

ಹಾಗಾದರೆ ಮಾಡತಕ್ಕದ್ದೇನು? ಬಿದ್ದವರನ್ನು ನೆರಳಿಗೆ ತಂದು ಅಂಗಾತ ಮಲಗಿಸಿರಿ, ಕಾಲುಗಳನ್ನು ಎತ್ತರಿಸಿರಿ, ಉಡುಪು ಸಡಿಲಿಸಿ ಗಾಳಿ ಬಿಡಿರಿ. ತುಂಬು ಗರ್ಭಿಣಿಯನ್ನು ಎಡಮಗ್ಗುಲಿಗೆ ಮಲಗಿಸಿರಿ. ವಾಂತಿಯಾದರೆ ಯಾರನ್ನೇ ಆದರೂ ಮಗ್ಗುಲಿಗೆ ಹೊರಳಿಸಿರಿ. ಪೂರ್ಣ ತಿಳಿವು ಬರುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿರಿ. ಅದು ಶ್ವಾಸನಾಳಕ್ಕೆ ಇಳಿದೀತು. ಬಳಿಕ ನೀರು ಕೊಟ್ಟು, ಮೆಲ್ಲಗೆ ಏಳಿಸಿರಿ.

ಎಲ್ಲ ಬವಳಿಯೂ ಸಾಧುವಲ್ಲ. ಓಡುವಾಗ, ದುಡಿಯುವಾಗ ಅಥವಾ ಮಲಗಿದ್ದಾಗಲೇ ಎಚ್ಚರ ತಪ್ಪಿದರೆ, ಎದೆ ನೋವು ಅಥವಾ ಎದೆಬಡಿತದ ಏರುಪೇರು ಇದ್ದರೆ, ಹೃದಯದ ದೋಷವಿರಬಹುದು. ಮುಖ ಸೊಟ್ಟಗಾಗಿ ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಮೈ ಸುಡುತ್ತಾ ಬಡಬಡಿಸಿದರೆ ಬಿಸಿಲಿನ ಹೊಡೆತ. ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿರಿ. ಬೆಳೆಗೆ ಔಷಧಿ ಸಿಂಪಡಿಸಿದವರಲ್ಲಿ ಜೊಲ್ಲು, ಬೆವರು, ತಲೆಸುತ್ತು ಕಂಡರೆ ಅದು ವಿಷವೇರಿದ ಗುರುತು. ಬಟ್ಟೆ ಕಳಚಿ, ಸಾಬೂನಿನಿಂದ ಮೈ ತೊಳೆದು, ಔಷಧಿಯ ಡಬ್ಬಿಯನ್ನೂ ಜೊತೆಗೊಯ್ಯಿರಿ. ಇವುಗಳಲ್ಲಿ ಯಾವುದೇ ಆಗಲಿ, ತಡಮಾಡದೆ 108ಕ್ಕೆ ಕರೆಮಾಡಿರಿ.

ಪದೇಪದೇ ಬವಳಿ ಬರುವವರು ರಕ್ತಹೀನತೆ, ಸಕ್ಕರೆ, ರಕ್ತದೊತ್ತಡಗಳನ್ನು ಪರೀಕ್ಷಿಸಿಕೊಳ್ಳಬೇಕು. ಒತ್ತಡದ ಮಾತ್ರೆಯಿಂದಲೂ ಹೀಗಾಗುವುದುಂಟು. ಆದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳತಕ್ಕದ್ದು.

ಬಿದ್ದವರನ್ನು ಕೂಡಲೆ ಎಬ್ಬಿಸಬೇಕೆಂಬುದು ಲೋಕರೂಢಿ. ಬವಳಿಯ ವಿಷಯದಲ್ಲಿ ಮಾತ್ರ, ಕೆಲವು ನಿಮಿಷ ಮಲಗಗೊಡುವುದೇ ನಿಜವಾದ ದಯೆ.