ಹಿಮದೂರಿನಲ್ಲಿ ಸೈಕಲ್

1900ರ ಫೆಬ್ರುವರಿ 22. ಕೆನಡಾದ ವಾಯವ್ಯ ಮೂಲೆಯ ಡಾಸನ್ ಪಟ್ಟಣದಿಂದ ಎಡ್ ಜೆಸ್ಸನ್ ಎಂಬಾತ ಸೈಕಲ್ ಹತ್ತಿ ಹೊರಟ. ಅಲಾಸ್ಕಾದ ಕಡಲ ತೀರದ ನೋಮ್‌ನಲ್ಲಿ ಚಿನ್ನ ಸಿಕ್ಕಿದೆಯೆಂಬ ಸುದ್ದಿ ಆಗ ಎಲ್ಲೆಡೆ ಹಬ್ಬಿತ್ತು. ನಡುವಿನ ದೂರ ಸುಮಾರು 1,600 ಕಿಲೋಮೀಟರು. ಆ ಕಾಲದಲ್ಲಿ ಅಲ್ಲಿ ರಸ್ತೆಯೆಂಬುದೇ ಇರಲಿಲ್ಲ. ಯುಕಾನ್ ನದಿ ಹೆಪ್ಪುಗಟ್ಟಿ, ಅದರ ಮೇಲೆ ನಾಯಿಗಳು ಎಳೆಯುವ ಬಂಡಿಗಳು ಓಡಾಡಿ ಮೂಡಿದ್ದ ಕಿರಿದಾದ ಜಾಡೇ ಹೆದ್ದಾರಿ. ಚಳಿಗೆ ಚಕ್ರದ ಗುಂಭದೊಳಗಿನ ಎಣ್ಣೆ ಕಲ್ಲಾಗುತ್ತಿತ್ತು. ಆದರೂ ಮಾರ್ಚ್ ಮುಗಿಯುವುದರೊಳಗೆ ಜೆಸ್ಸನ್ ನೋಮ್ ತಲುಪಿದ.

ಅದೇ ವರ್ಷ ಮ್ಯಾಕ್ಸ್ ಹಿರ್ಷ್‌ಬರ್ಗ್ ಎಂಬ ಇನ್ನೊಬ್ಬನೂ ಇದೇ ಹಾದಿ ಹಿಡಿದ. ಆತ ಹೊರಟದ್ದು ಕೆಲವೇ ದಿನ ತಡವಾಗಿ. ಆದರೆ ದಾರಿಯಲ್ಲಿ ವಸಂತ ಎದುರಾಯಿತು. ಮಂಜು ಕರಗತೊಡಗಿತು. ಒಂದು ನದಿಯಲ್ಲಿ ಮುಳುಗುವ ಹಂತಕ್ಕೆ ಬಂದು ಪಾರಾದ. ಕೊನೆಯ ಭಾಗದಲ್ಲಿ ಚೈನು ಮುರಿದಾಗ ಕೋಟನ್ನೇ ಹಾಯಿಯಂತೆ ಗಾಳಿಗೊಡ್ಡಿ ಸೈಕಲ್ ಸಾಗಿಸಿದ. ಗುರಿ ಮುಟ್ಟಿದಾಗ ಮೇ ತಿಂಗಳು.

ಈ ಎರಡು ಪಯಣಗಳಲ್ಲಿ ಒಂದು ಪಾಠ ಅಡಗಿದೆ. ಕೊರೆಯುವ ಚಳಿಯಲ್ಲಿ ಗಟ್ಟಿಯಾಗಿದ್ದ ದಾರಿ ಒಬ್ಬನನ್ನು ಬೇಗ ಸೇರಿಸಿತು. ಚಳಿ ಕಡಿಮೆಯಾಗಿ ಕೆಟ್ಟ ದಾರಿ ಇನ್ನೊಬ್ಬನನ್ನು ಕಾಡಿತು. ಹಿಮ ಬೀಳುವ ನಗರಗಳಲ್ಲಿ ವರ್ಷವಿಡೀ ಸೈಕಲ್ಲಿನಲ್ಲೇ ಕೆಲಸಕ್ಕೆ, ಶಾಲೆಗೆ ಹೋಗಿಬರುವುದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಮೊದಲು ನೋಡುವುದು ಉಷ್ಣಮಾಪಕವನ್ನು. ನೋಡಬೇಕಾದದ್ದು ನೆಲವನ್ನು.

ಮೈಯೊಳಗಿನ ಒಲೆ

ಡಿಸೆಂಬರಿನ ಬೆಳಗಿನಲ್ಲಿ ಮಫ್ಲರ್ ಸುತ್ತಿಕೊಳ್ಳುವ ಬೆಂಗಳೂರಿಗರಿಗೆ ಮೈನಸ್ 15 ಡಿಗ್ರಿಯಲ್ಲಿ ಸೈಕಲ್ ತುಳಿಯುವುದೆಂದರೆ ಹುಚ್ಚು ಸಾಹಸವೆನಿಸಬಹುದು. ಆದರೆ ಪೆಡಲು ತುಳಿಯುವ ದೇಹ ಒಂದು ಒಲೆಯಿದ್ದಂತೆ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಕ್ರ ತಿರುಗಿಸಲು ಒದಗುತ್ತದೆ. ಉಳಿದ ಮುಕ್ಕಾಲು ಭಾಗ ಶಾಖವಾಗಿ ಹೊರಬೀಳುತ್ತದೆ. ಬೇಸಿಗೆಯಲ್ಲಿ ಬೆವರಿಳಿಸುವ ಈ ಶಾಖವೇ ಚಳಿಗಾಲದಲ್ಲಿ ಸವಾರನನ್ನು ಕಾಯುತ್ತದೆ. ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತವನಿಗಿಂತ ಹತ್ತು ನಿಮಿಷ ಸೈಕಲ್ ತುಳಿದವನ ಮೈ ಬೆಚ್ಚಗಿರುತ್ತದೆ.

ಹೀಗಾಗಿ ಅನುಭವಿ ಸವಾರರು ಮನೆಯಿಂದ ಹೊರಡುವಾಗ ಸ್ವಲ್ಪ ಚಳಿಯೆನಿಸುವಷ್ಟೇ ಬಟ್ಟೆ ಹಾಕುತ್ತಾರೆ. ದಪ್ಪ ಕೋಟೊಂದರ ಬದಲು ತೆಳುವಾದ ಎರಡು ಮೂರು ಪದರ ತೊಡುತ್ತಾರೆ. ಮೈಗಂಟಿದ ಪದರಕ್ಕೆ ಹತ್ತಿ ಬಟ್ಟೆ ಸಲ್ಲದು. ಅದು ಬೆವರನ್ನು ಹೀರಿ ಹಿಡಿದಿಟ್ಟುಕೊಂಡು, ನಿಂತ ಕೂಡಲೇ ಮೈಯನ್ನು ತಣ್ಣಗಾಗಿಸುತ್ತದೆ. ಉಣ್ಣೆ ಒದ್ದೆಯಾದರೂ ಅಷ್ಟಿಷ್ಟು ಬಿಸಿಯನ್ನು ಉಳಿಸಿಕೊಳ್ಳುತ್ತದೆ.

ತೊಂದರೆಯಿರುವುದು ದೇಹದ ತುದಿಗಳಲ್ಲಿ. ಚಳಿಗೆ ದೇಹ ತನ್ನ ರಕ್ತವನ್ನು ಒಳಗಿನ ಮುಖ್ಯ ಅಂಗಗಳತ್ತ ಎಳೆದುಕೊಳ್ಳುವುದರಿಂದ ಬೆರಳು, ಕಿವಿ, ಮೂಗು ಮೊದಲು ಸೋಲುತ್ತವೆ. ಜೊತೆಗೆ ಸವಾರ ತನ್ನ ವೇಗದಿಂದ ತಾನೇ ಗಾಳಿಯನ್ನು ಎದುರಿಗೆ ತಂದುಕೊಳ್ಳುತ್ತಾನೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 20 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 18ರಂತೆ ತಾಗುತ್ತದೆ. ಮೈನಸ್ 20 ಇದ್ದರೆ ಮೈನಸ್ 30ರಂತೆ. ಅಂಥ ಸ್ಥಿತಿಯಲ್ಲಿ ಮುಚ್ಚದೆ ಬಿಟ್ಟ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಿ ಗಾಯವಾಗಬಹುದು. ದಪ್ಪ ಕೈಗವಸು, ಕಿವಿ ಮುಚ್ಚುವ ಟೋಪಿ, ಮುಖವಸ್ತ್ರ ಅಲ್ಲಿ ಶೋಕಿಯಲ್ಲ, ಅಗತ್ಯ. ಉಬ್ಬಸವಿರುವವರಿಗೆ ಒಣ ಶೀತಗಾಳಿ ಅಪಾಯವೇ ಸರಿ.

ಕೆಟ್ಟ ಹವೆಯೆಂಬುದಿಲ್ಲ, ಇರುವುದು ಕೆಟ್ಟ ಬಟ್ಟೆ ಮಾತ್ರ ಎಂಬ ಗಾದೆ ಉತ್ತರ ಯುರೋಪಿನ ದೇಶಗಳಲ್ಲಿ ಜನಪ್ರಿಯ. ಚಳಿಯ ಮಟ್ಟಿಗೆ ಅದು ನಿಜ. ಆದರೆ ಎಂಥ ಬೆಚ್ಚನೆಯ ಬಟ್ಟೆಯೂ ಜಾರುವ ಚಕ್ರವನ್ನು ಹಿಡಿದು ನಿಲ್ಲಿಸಲಾರದು.

ಶೂನ್ಯದ ಸುತ್ತ ಅಪಾಯ

ಹಿಮವೆಲ್ಲ ಒಂದೇ ಬಗೆಯದಲ್ಲ. ಮೈನಸ್ 10 ಡಿಗ್ರಿಯ ಆಸುಪಾಸಿನಲ್ಲಿ ಒತ್ತಿ ಗಟ್ಟಿಮಾಡಿದ ಹಿಮದ ಮೇಲ್ಮೈ ಒಣಗಿ, ಒರಟಾಗಿರುತ್ತದೆ. ಅದರ ಮೇಲೆ ಸೈಕಲ್ ಸಾಕಷ್ಟು ಭದ್ರವಾಗಿ ಓಡುತ್ತದೆ. ಉಷ್ಣತೆ ಶೂನ್ಯದ ಹತ್ತಿರ ಬಂದಾಗಲೇ ಫಜೀತಿ. ಹಗಲು ಹಿಮ ಕರಗಿ ಕೆಸರಾಗುತ್ತದೆ. ಅದರಲ್ಲಿ ಕಾಲ್ನಡಿಗೆಯವರ ಹೆಜ್ಜೆ, ಚಕ್ರಗಳ ಗೆರೆ ಮೂಡುತ್ತವೆ. ರಾತ್ರಿ ಅದೆಲ್ಲ ಮತ್ತೆ ಹೆಪ್ಪುಗಟ್ಟಿ, ಏರುತಗ್ಗಿನ ಗಾಜಿನಂತಾಗುತ್ತದೆ. ಅದರ ಮೇಲೆ ತೆಳ್ಳಗೆ ನೀರು ನಿಂತರಂತೂ ನಡೆಯುವುದೂ ಕಷ್ಟ.

ಆದ್ದರಿಂದಲೇ ಧ್ರುವಕ್ಕೆ ಹತ್ತಿರದ, ಚಳಿ ಏಕರೂಪವಾಗಿರುವ ಊರಿಗಿಂತ, ವಾರದಲ್ಲಿ ನಾಲ್ಕು ಸಲ ಶೂನ್ಯದ ಆಚೆ ಈಚೆ ತೂಗುವ ಊರಿನಲ್ಲಿ ಸೈಕಲ್ ಸವಾರಿ ಹೆಚ್ಚು ಕಠಿಣ. ರಸ್ತೆಗೆ ಉಪ್ಪು ಹಾಕುವುದು ಎಲ್ಲ ಕಡೆಗೂ ಸಲ್ಲುವ ಮದ್ದಲ್ಲ. ಸಾಧಾರಣ ಉಪ್ಪು ಮೈನಸ್ 10 ಡಿಗ್ರಿಗಿಂತ ಕೆಳಗೆ ಹೆಚ್ಚು ಪ್ರಯೋಜನಕ್ಕೆ ಬಾರದು. ಮೇಲಾಗಿ ಸೈಕಲ್ಲಿನ ಚೈನನ್ನು ತಿಂದುಹಾಕುತ್ತದೆ.

ಔಲು ಕಟ್ಟಿದ ದಾರಿ

ಈ ಲೆಕ್ಕವನ್ನು ಚೆನ್ನಾಗಿ ಅರಿತ ಊರು ಫಿನ್ಲೆಂಡಿನ ಔಲು. 1605ರಲ್ಲಿ ಸ್ಥಾಪನೆಯಾದ ಈ ನಗರ ಆರ್ಕ್‌ಟಿಕ್ ವೃತ್ತದಿಂದ 200 ಕಿ.ಮೀ.ಗಿಂತಲೂ ಕಡಿಮೆ ದೂರದಲ್ಲಿದೆ. ಜನಸಂಖ್ಯೆ ಎರಡು ಲಕ್ಷಕ್ಕೆ ಸ್ವಲ್ಪ ಹೆಚ್ಚು. ವರ್ಷದಲ್ಲಿ ಸುಮಾರು ಐದು ತಿಂಗಳು ನೆಲ ಹಿಮದಡಿ ಇರುತ್ತದೆ. ಡಿಸೆಂಬರಿನ ಅತಿ ಚಿಕ್ಕ ದಿನಗಳಲ್ಲಿ ಬೆಳಿಗ್ಗೆ ಹತ್ತೂವರೆಗೆ ಹುಟ್ಟಿದ ಸೂರ್ಯ ಮಧ್ಯಾಹ್ನ ಎರಡಕ್ಕೆ ಮುಳುಗುತ್ತಾನೆ. ಮಕ್ಕಳು ಶಾಲೆಗೆ ಹೋಗುವುದು ಕತ್ತಲಲ್ಲಿ; ಎಷ್ಟೋ ದಿನ ಮರಳುವುದೂ ಕತ್ತಲಲ್ಲಿ.

ಇಂಥ ಊರಿನಲ್ಲಿ ವರ್ಷದ ಒಟ್ಟು ಓಡಾಟದ ಸುಮಾರು ಐದನೇ ಒಂದು ಭಾಗ ಸೈಕಲ್ಲಿನ ಮೇಲೆ ನಡೆಯುತ್ತದೆ. ಮೈನಸ್ 15 ಡಿಗ್ರಿಯ ಮುಂಜಾನೆಯೂ ಮೆತ್ಸೊಕಂಗಾಸ್ ಬಡಾವಣೆಯ ಶಾಲೆಯ ಅಂಗಳದಲ್ಲಿ ಸಾಲುಸಾಲು ಸೈಕಲ್ಲುಗಳು ನಿಂತಿರುತ್ತವೆ. ಸಾವಿರಕ್ಕೂ ಹೆಚ್ಚು ಮಕ್ಕಳಿರುವ ಆ ಶಾಲೆಗೆ ಬಹುಪಾಲು ಮಕ್ಕಳು ಬರುವುದು ತಮ್ಮ ಕಾಲಿನ ಬಲದಿಂದಲೇ: ಸೈಕಲ್ ತುಳಿದು, ನಡೆದು, ಕೆಲವರು ಸ್ಕೀ ಜಾರಿಕೊಂಡು.

ಇದು ಅಲ್ಲಿಯವರ ಹುಟ್ಟುಗುಣವಲ್ಲ. ಫಿನ್ಲೆಂಡಿನಲ್ಲಿ ಕಾರುಗಳು ವೇಗವಾಗಿ ಹೆಚ್ಚುತ್ತಿದ್ದ 1970ರ ದಶಕದಲ್ಲಿ ಔಲುವಿನ ಯೋಜಕರು ಸೈಕಲ್ ಮತ್ತು ಪಾದಚಾರಿಗಳಿಗೆ ಪ್ರತ್ಯೇಕ ಹಾದಿಗಳ ಜಾಲವನ್ನು ರೂಪಿಸಿದರು. ಹೊಸ ಬಡಾವಣೆ ಕಟ್ಟುವಾಗಲೆಲ್ಲ ಈ ಹಾದಿಯನ್ನು ಜೊತೆಗೇ ಹಾಕಿದರು. ದೊಡ್ಡ ರಸ್ತೆ ಅಡ್ಡಬಂದ ಕಡೆ ಕೆಳಸೇತುವೆ ಮಾಡಿದರು. ಇಂದು ಆ ಜಾಲದ ಉದ್ದ 900 ಕಿ.ಮೀ.ಗೂ ಹೆಚ್ಚು. ಅನೇಕ ಕಡೆ ಕಾರಿನ ದಾರಿಗಿಂತ ಸೈಕಲ್ ದಾರಿಯೇ ಹತ್ತಿರ.

ಹಿಮ ಬಿದ್ದಾಗ ಅಲ್ಲಿ ನಡೆಯುವುದು ಸರಳ ಕೆಲಸ. ಮುಖ್ಯ ಸೈಕಲ್ ಹಾದಿಗಳಲ್ಲಿ ಜನ ಹೊರಡುವ ಮೊದಲೇ ಯಂತ್ರ ಹರಿಯುತ್ತದೆ. ನೆಲ ಕಾಣುವವರೆಗೆ ಕೆರೆಯುವುದಿಲ್ಲ. ಮೇಲಿನ ಸಡಿಲ ಹಿಮವನ್ನು ತಳ್ಳಿ, ಉಳಿದದ್ದನ್ನು ಒತ್ತಿ ಸಮಮಾಡಿ, ಗೀರು ಮೂಡಿಸಿ, ಬೇಕಾದ ಕಡೆ ಸಣ್ಣ ಜಲ್ಲಿ ಹರಡುತ್ತಾರೆ. ಜೆಸ್ಸನ್‌ಗೆ ನಾಯಿಬಂಡಿಗಳು ಮಾಡಿಕೊಟ್ಟ ಉಪಕಾರವನ್ನು ಇಲ್ಲಿ ನಗರಸಭೆ ಮಾಡಿಕೊಡುತ್ತದೆ. ದೀಪಗಳ ಬೆಳಕನ್ನು ಬಿಳಿ ಹಿಮ ಇಮ್ಮಡಿಸುತ್ತದೆ. ಚಳಿಗಾಲದ ಸೈಕಲ್ ಸವಾರಿಯ ಬಗ್ಗೆಯೇ ಮೀಸಲಾದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ಈ ಊರಿನಲ್ಲೇ ನಡೆದದ್ದು ಸಹಜವೇ ಆಗಿತ್ತು.

ಮೊದಲು ಯಾರ ಹಿಮ?

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಚಳಿ ಅಷ್ಟು ತೀವ್ರವಲ್ಲ. ಜನವರಿಯ ಸರಾಸರಿ ಶೂನ್ಯಕ್ಕಿಂತ ತುಸು ಮೇಲೆ. ಅಂದರೆ ಕರಗಿ ಹೆಪ್ಪುಗಟ್ಟುವ ಉಪದ್ರವ ಅಲ್ಲಿ ಹೆಚ್ಚು. ಆ ಊರು ಆಯ್ದುಕೊಂಡದ್ದು ಬೇರೆ ವಿಧಾನ: ಸೈಕಲ್ ಪಥಗಳಿಗೆ ಉಪ್ಪು ಹಾಕಿ ನೆಲವನ್ನು ಬರಿದಾಗಿಯೇ ಇಡುವುದು. ಈ ಆದ್ಯತೆಯೂ ತಾನಾಗಿ ಬಂದದ್ದಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಡೆನ್ಮಾರ್ಕ್ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿತ್ತು. ಮುಂದಿನ ವರ್ಷಗಳಲ್ಲಿ ಸೈಕಲ್ ಸವಾರರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಸುರಕ್ಷಿತ ಪಥಗಳನ್ನು ಕೇಳಿ ಪಡೆದರು.

ಸ್ವೀಡನ್ನಿನ ಕಾರ್ಲ್‌ಸ್ಕೂಗ ಎಂಬ ಚಿಕ್ಕ ಊರು 2010ರ ದಶಕದ ಆರಂಭದಲ್ಲಿ ಇನ್ನೂ ಮೂಲಭೂತವಾದ ಪ್ರಶ್ನೆಯೊಂದನ್ನು ಎತ್ತಿಕೊಂಡಿತು. ಹಿಮ ತೆಗೆಯುವ ಯಂತ್ರ ಮೊದಲು ಮುಖ್ಯ ರಸ್ತೆ, ಕೊನೆಗೆ ಕಾಲುದಾರಿ ಎಂಬ ಕ್ರಮದಲ್ಲಿ ಹೋಗುವುದು ಎಲ್ಲ ಕಡೆಯ ರೂಢಿ. ಕಾರಿನಲ್ಲಿ ಹೆಚ್ಚು ಓಡಾಡುವವರು ಗಂಡಸರು; ನಡೆದು, ಸೈಕಲ್ ಮತ್ತು ಬಸ್ಸಿನಲ್ಲಿ ಹೆಚ್ಚು ಓಡಾಡುವವರು ಹೆಂಗಸರು. ಹತ್ತು ಸೆಂಟಿಮೀಟರ್ ಹಿಮದಲ್ಲಿ ಕಾರು ಹೇಗೋ ಸಾಗೀತು. ಮಗುವಿನ ತಳ್ಳುಗಾಡಿ, ಸೈಕಲ್ ಸಾಗಲಾರವು. ಜಾರಿ ಬಿದ್ದು ಎಲುಬು ಮುರಿದುಕೊಂಡು ಆಸ್ಪತ್ರೆ ಸೇರುವವರಲ್ಲಿ ಹೆಚ್ಚಿನವರು ನಡೆಯುವವರೇ. ಹೀಗಿರುವಾಗ ಕಾಲುದಾರಿ, ಸೈಕಲ್ ದಾರಿ, ಮಕ್ಕಳ ಶಾಲೆಯ ಸುತ್ತಲಿನ ಹಾದಿಗಳನ್ನೇ ಮೊದಲು ಏಕೆ ತೆರವುಗೊಳಿಸಬಾರದು ಎಂದು ಊರಿನ ಆಡಳಿತ ಯೋಚಿಸಿ ಕ್ರಮವನ್ನು ತಿರುಗಿಸಿತು.

ರಾಜಧಾನಿ ಸ್ಟಾಕ್‌ಹೋಮ್ ಕೂಡ ಇದೇ ದಾರಿ ಹಿಡಿಯಹೊರಟಿತು. ಆದರೆ 2016ರ ನವೆಂಬರಿನಲ್ಲಿ, ಆ ತಿಂಗಳಲ್ಲಿ ನೂರು ವರ್ಷಗಳಿಂದ ಕಾಣದಷ್ಟು ಹಿಮ ಸುರಿದು ನಗರ ಸ್ತಬ್ಧವಾಯಿತು. ಹೊಸ ಕ್ರಮವೇ ಇದಕ್ಕೆ ಕಾರಣವೆಂದು ಟೀಕಾಕಾರರು ಹರಿಹಾಯ್ದರು. ಕಾಲುದಾರಿಗಳೂ ತೆರವಾಗಿರಲಿಲ್ಲ, ಆದದ್ದು ಸಿದ್ಧತೆಯ ಕೊರತೆ ಎಂದು ಇತರರು ವಾದಿಸಿದರು. ಉದ್ದೇಶ ಸರಿಯಿದ್ದರಷ್ಟೇ ಸಾಲದು, ಯಂತ್ರವೂ ಆಳೂ ಸಮಯಕ್ಕೆ ಒದಗಬೇಕು ಎಂಬುದಂತೂ ಸ್ಪಷ್ಟವಾಯಿತು.

ಅಟ್ಲಾಂಟಿಕ್ ಸಾಗರದಾಚೆಯ ನಗರಗಳು ತಡವಾಗಿ ಎಚ್ಚೆತ್ತವು. ಅಮೆರಿಕದ ಮಿನಿಯಾಪೊಲಿಸ್ ಹಳೆಯ ರೈಲು ಹಾದಿಯ ತಗ್ಗನ್ನೇ 2000ರಿಂದ ಹಂತಹಂತವಾಗಿ ಸುಮಾರು 9 ಕಿ.ಮೀ. ಉದ್ದದ ಸೈಕಲ್ ಪಥವನ್ನಾಗಿಸಿ, ಚಳಿಗಾಲದಲ್ಲೂ ಅದರ ಹಿಮ ತೆಗೆಸುತ್ತ ಬಂದಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವರ್ಷಕ್ಕೆ ಎರಡು ಮೀಟರಿನಷ್ಟು ಹಿಮ ಬೀಳುತ್ತದೆ. 2009ರಲ್ಲಿ ಆರಂಭವಾದ ಅಲ್ಲಿನ ಬಿಕ್ಸಿ ಬಾಡಿಗೆ ಸೈಕಲ್ಲುಗಳು ಚಳಿಗಾಲ ಬಂತೆಂದರೆ ಗೋದಾಮು ಸೇರುತ್ತಿದ್ದವು. 2023ರ ನವೆಂಬರಿನಿಂದ ಅವುಗಳಲ್ಲಿ ಒಂದು ಪಾಲನ್ನು ಪ್ರಯೋಗವಾಗಿ ಚಳಿಗಾಲದಲ್ಲೂ ಬೀದಿಯಲ್ಲೇ ಇರಿಸಲಾಯಿತು.

ಸೈಕಲ್ಲಿಗೂ ಚಳಿ

ಯಂತ್ರಕ್ಕೂ ಕೊಂಚ ಉಪಚಾರ ಬೇಕು. ಗಾಜಿನಂಥ ಮಂಜುಗಡ್ಡೆಯ ಮೇಲೆ ಹಿಡಿತ ಕೊಡುವುದು ಚಿಕ್ಕ ಲೋಹದ ಮೊಳೆಗಳನ್ನು ಕೂರಿಸಿದ ಟಯರುಗಳು. ಬ್ರೇಕಿನ ತಂತಿಯೊಳಗೆ ಸೇರಿದ ನೀರು ಹೆಪ್ಪುಗಟ್ಟಿದರೆ ಬ್ರೇಕು ಹಿಡಿಯದು. ಹಿಂದಕ್ಕೆ ಪೆಡಲು ತುಳಿದರೆ ಚಕ್ರದ ಗುಂಭದೊಳಗೇ ಕೆಲಸ ಮಾಡುವ ಹಳೆಯ ಬಗೆಯ ಬ್ರೇಕು ಅಲ್ಲಿ ಇಂದಿಗೂ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಬ್ಯಾಟರಿ ಸೈಕಲ್ ಚಳಿಯಲ್ಲಿ ಕಡಿಮೆ ದೂರ ಓಡುತ್ತದೆ. ಅದರ ಬ್ಯಾಟರಿಯನ್ನು ಮನೆಯೊಳಗೆ ತಂದು, ಬೆಚ್ಚಗಾದ ಮೇಲೆಯೇ ಚಾರ್ಜ್ ಮಾಡಬೇಕು. ಆಳವಾದ ಸಡಿಲ ಹಿಮಕ್ಕೆಂದು ನಾಲ್ಕಂಗುಲ ಅಗಲದ ಟಯರಿನ ಸೈಕಲ್ಲುಗಳೂ ಬಂದಿವೆ. ಆದರೆ ದಾರಿ ಚೆನ್ನಾಗಿರುವ ಔಲುವಿನಲ್ಲಿ ಹೆಚ್ಚಿನವರು ತುಳಿಯುವುದು ಸಾಮಾನ್ಯ ಸೈಕಲ್ಲನ್ನೇ. ದಾರಿ ಕೆಟ್ಟಷ್ಟೂ ಸವಾರನ ಖರ್ಚು ಹೆಚ್ಚು.

ಮಿತಿಗಳಿಲ್ಲವೆಂದಲ್ಲ. ಔಲುವಿನಲ್ಲೂ ಬೇಸಿಗೆಯ ಸವಾರರಲ್ಲಿ ಬಹಳ ಮಂದಿ ಚಳಿಗಾಲದಲ್ಲಿ ಸೈಕಲ್ ಬಿಡುತ್ತಾರೆ. ಬಿರುಗಾಳಿಯ ದಿನ, ಮೈನಸ್ 30ರ ದಿನ ಬಸ್ ಹತ್ತುವುದೇ ಜಾಣತನ. ಎಲುಬು ದುರ್ಬಲವಾದ ವೃದ್ಧರಿಗೆ ಒಮ್ಮೆ ಬಿದ್ದರೂ ದೊಡ್ಡ ಪೆಟ್ಟು. ಇಪ್ಪತ್ತು ಕಿ.ಮೀ. ದೂರದ ಕಚೇರಿಗೆ ಹಿಮದಲ್ಲಿ ದಿನವೂ ತುಳಿದು ಹೋಗೆಂದು ಯಾರಿಗೂ ಹೇಳಲಾಗದು. ಆದರೆ ಐದಾರು ಕಿ.ಮೀ. ದೂರಕ್ಕೆ, ತೆರವಾದ ದಾರಿಯಿದ್ದರೆ, ಸೈಕಲ್ ಚಳಿಗಾಲದ ಬಹುಪಾಲು ದಿನಗಳಲ್ಲಿ ಸಾಧ್ಯ ಎಂಬುದನ್ನು ಈ ಊರುಗಳು ತೋರಿಸಿವೆ.

ಎಲ್ಲರಿಗೂ ಇದು ಆಯ್ಕೆಯ ಮಾತೂ ಅಲ್ಲ. ಶೀತ ನಗರಗಳಲ್ಲಿ ಹಿಮದ ರಾತ್ರಿ ಮನೆಮನೆಗೆ ಊಟ ಮುಟ್ಟಿಸುವ ಹುಡುಗರು, ಕಾರು ಕೊಳ್ಳಲಾಗದ ಕೆಲಸಗಾರರು ಸೈಕಲ್ ತುಳಿದೇ ತೀರಬೇಕು. ಅವರ ಪಾಲಿಗೆ ದಾರಿಯ ಹಿಮ ತೆಗೆಯುವುದೆಂದರೆ ಹವ್ಯಾಸಿಗಳಿಗೆ ಕೊಡುವ ಸವಲತ್ತಲ್ಲ; ದುಡಿಮೆ ಮುಗಿಸಿ ಎಲುಬು ಮುರಿಯದೆ ಮನೆ ಸೇರುವ ಭರವಸೆ.

ಹಿಮ ಎಲ್ಲರ ಮೇಲೂ ಸಮವಾಗಿಯೇ ಬೀಳುತ್ತದೆ. ಅದನ್ನು ಯಾರ ದಾರಿಯಿಂದ ಮೊದಲು ತೆಗೆಯಬೇಕೆಂಬುದನ್ನು ಮಾತ್ರ ಊರು ತೀರ್ಮಾನಿಸುತ್ತದೆ. ಔಲುವಿನ ಮಕ್ಕಳು ಕತ್ತಲ ಮುಂಜಾನೆ ನಿರ್ಭಯವಾಗಿ ಸೈಕಲ್ ತುಳಿಯುವುದು ಅವರು ಚಳಿಗೆ ಅಂಜದವರೆಂದಲ್ಲ. ಅವರು ಏಳುವ ಮೊದಲೇ ಯಾರೋ ಎದ್ದು ಅವರ ಹಾದಿಯನ್ನು ಸಮಮಾಡಿರುತ್ತಾರೆಂದು.