ಸೈಬೀರಿಯದ ಕೂಸು, ಜರ್ಮನ್ ಹಾಡು

2006ರ ಫೆಬ್ರವರಿಯಲ್ಲಿ ಜರ್ಮನಿಯಲ್ಲಿ ‘ಫಾನ್ ಹಿಯರ್ ಬಿಸ್ ಉನೆಂಡ್ಲಿಶ್’ ಎಂಬ ಧ್ವನಿಮುದ್ರಿಕೆ ಹೊರಬಂದಿತು. ‘ಇಲ್ಲಿಂದ ಅನಂತದವರೆಗೆ’ ಎಂದು ಅದರ ಅರ್ಥ. ಗಾಯಕಿ ಹೆಲೆನ ಫಿಷರ್ ಅವರಿಗೆ ಆಗ 21 ವರ್ಷ. ಇದು ಅವರ ಮೊದಲ ಸಂಕಲನ. ಹಾಡುಗಳು ಜರ್ಮನ್ನರು ‘ಶ್ಲಾಗರ್’ ಎನ್ನುವ ಜನಪ್ರಿಯ ಪ್ರಕಾರದವು: ಒಮ್ಮೆ ಕೇಳಿದರೆ ನಾಲಗೆಯ ಮೇಲೆ ನಿಲ್ಲುವ ಧಾಟಿ, ಪ್ರೇಮ, ವಿರಹ. ವಿಮರ್ಶಕರು ಮೂಗು ಮುರಿಯುವುದೂ ಜನ ಕೊಂಡು ಕೇಳುವುದೂ ಈ ಪ್ರಕಾರದ ಹಣೆಬರಹ.

ಗಾಯಕಿ ಹುಟ್ಟಿದ್ದು ಮಾತ್ರ 1984ರಲ್ಲಿ, ಸೈಬೀರಿಯದ ಕ್ರಾಸ್ನೊಯಾರ್ಸ್ಕ್ ನಗರದಲ್ಲಿ. ಹದಿನೆಂಟನೆಯ ಶತಮಾನದಿಂದ ರಷ್ಯದಲ್ಲಿ ನೆಲೆಸುತ್ತ ಬಂದ ಜರ್ಮನ್ ರೈತ ಕುಟುಂಬಗಳು ತಮ್ಮ ನುಡಿಯನ್ನೂ ಶಾಲೆ, ಚರ್ಚುಗಳನ್ನೂ ತಲೆಮಾರುಗಳ ಕಾಲ ಉಳಿಸಿಕೊಂಡಿದ್ದವು. 1941ರಲ್ಲಿ ಹಿಟ್ಲರನ ಸೇನೆ ದಂಡೆತ್ತಿ ಬಂದಾಗ ಸೋವಿಯತ್ ಸರ್ಕಾರ ಅವರನ್ನು ಶಂಕಿತರೆಂದು ಬಗೆದು ಸೈಬೀರಿಯಕ್ಕೂ ಕಜಾಕಸ್ತಾನಕ್ಕೂ ಸಾಗಿಹಾಕಿತು. ಹೆಲೆನ ಅವರ ತಂದೆಯ ಹೆತ್ತವರೂ ಅವರಲ್ಲಿದ್ದರು. 1955ರ ಕೊನೆಯವರೆಗೆ ಕಣ್ಗಾವಲಿನ ವಸತಿ. ಜರ್ಮನ್ ಶಾಲೆಗಳು ಮುಚ್ಚಿದ್ದವು. ಬೀದಿಯಲ್ಲಿ ಆ ಮಾತನ್ನಾಡಿದರೆ ಶತ್ರುವಿನ ಭಾಷೆಯೆಂಬ ನಿಂದೆ. ಮಕ್ಕಳು ರಷ್ಯನ್ ಕಡೆಗೆ ಹೊರಳಿದರು. ಮನೆಯ ಮಾತೊಂದು, ಶಾಲೆಯ ಮಾತೊಂದು ಆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1988ರಲ್ಲಿ ಕುಟುಂಬ ಪಶ್ಚಿಮ ಜರ್ಮನಿಗೆ ಬಂದು ವೋಲ್‌ಸ್ಟೈನ್ ಎಂಬ ಚಿಕ್ಕ ಊರಿನಲ್ಲಿ ನೆಲೆಗೊಂಡಿತು. ಹೀಗೆ ಮರಳಿದವರ ಪಾಡು ವಿಚಿತ್ರ: ಅಲ್ಲಿ ‘ಜರ್ಮನ್ನರು’, ಇಲ್ಲಿ ‘ರಷ್ಯನ್ನರು’.

ಹೆಲೆನ ಫ್ರಾಂಕ್‌ಫರ್ಟಿನಲ್ಲಿ ಸಂಗೀತ ನಾಟಕದ ಶಿಕ್ಷಣ ಪಡೆದರು. ಮಗಳಿಗೆ ತಿಳಿಸದೆ ಅವಳ ಹಾಡುಗಳ ಮುದ್ರಿಕೆಯನ್ನು ಕಲಾವಿದರ ವ್ಯವಸ್ಥಾಪಕರೊಬ್ಬರಿಗೆ ಕಳುಹಿಸಿದವರು ತಾಯಿ. ಅದು ಸಂಗೀತ ಸಂಯೋಜಕ ಜೀನ್ ಫ್ರಾಂಕ್‌ಫರ್ಟರ್ ಅವರ ಕಿವಿಗೆ ಬಿದ್ದಿತು. 2005ರ ಮೇ 14ರಂದು ದೂರದರ್ಶನದಲ್ಲಿ ಮೊದಲ ಹಾಡು. ಒಂಬತ್ತು ತಿಂಗಳಲ್ಲಿ ಸಂಕಲನ.

ಸಂಕಲನದ ವಾದ್ಯಮೇಳದಲ್ಲಿ ಹೊಸತೇನಿಲ್ಲ. ಯಂತ್ರದ ತಾಳ ಕೆಲವೆಡೆ ಬೇಸರವನ್ನೇ ತರುತ್ತದೆ. ಅದನ್ನು ಎತ್ತಿ ನಿಲ್ಲಿಸುವುದು ಉಚ್ಚಾರ. ನಾಟಕಶಾಲೆಯಲ್ಲಿ ಪಳಗಿದ ಕಂಠ ಒಂದು ವ್ಯಂಜನವನ್ನೂ ನುಂಗುವುದಿಲ್ಲ. ಪದ ಪದವೂ ಬಿಡಿಬಿಡಿಯಾಗಿ ಕೇಳುತ್ತದೆ. ಅಜ್ಜ ಅಜ್ಜಿಯರ ಗಡೀಪಾರಿಗೆ ನೆಪವಾದ ನುಡಿ ಮೊಮ್ಮಗಳ ಬಾಯಲ್ಲಿ ಯಾವ ಅಂಜಿಕೆಯೂ ಇಲ್ಲದೆ ಮನೆಮನೆಯ ಹಾಡಾಯಿತು. ಏಳು ವರ್ಷಗಳ ಅನಂತರ, 2013ರಲ್ಲಿ, ‘ಆಟೆಮ್‌ಲೋಸ್ ಡುರ್ಶ್ ಡಿ ನಾಖ್ಟ್’ ಗೀತೆ ಅವರನ್ನು ಜರ್ಮನ್ ಜನಪ್ರಿಯ ಸಂಗೀತದ ಅಗ್ರಪಂಕ್ತಿಗೆ ಒಯ್ದಿತು.

ಮುಂದಿನ ಕಚೇರಿಗಳಲ್ಲಿ ಅವರು ರಷ್ಯನ್ ಗೀತೆಗಳ ಗುಚ್ಛವೊಂದನ್ನೂ ಹಾಡಿದರು. ಮೊದಲ ಸಂಕಲನದಲ್ಲಿ ಆ ಭಾಷೆಗೆ ಎಡೆಯಿರಲಿಲ್ಲ.