ದಾರಿ ಹೇಳುವವನನ್ನು ಅರಿತು ಕೇಳೋಣ

ಜಯನಗರದ ಬಂಧುಗಳೊಬ್ಬರ ಮನೆಗೆ ನಾವು ಹೋಗಿದ್ದಾಗ ಟಿ.ವಿ.ಯಲ್ಲಿ ಚಿತ್ರ ಮೂಡದೆ ಬರಿಯ ಚಕ್ರ ಸುತ್ತುತ್ತಿತ್ತು. ಮನೆಯ ಮೊಮ್ಮಗನು ಯಾರೋ ಹೇಳಿದ ಡಿಎನ್‌ಎಸ್ ಅಂಕಿಗಳನ್ನು ರೂಟರಿಗೆ ತುಂಬಲು ಹೊರಟಿದ್ದನು. ಅವು ಯಾರವೆಂದು ಕೇಳಿದರೆ ಅವನಿಗೆ ತಿಳಿಯದು.

ಅಂತರಜಾಲದಲ್ಲಿ ಹೆಸರು ಕೇಳಿ ಅಂಕಿಯ ವಿಳಾಸ ತಿಳಿಸುವ ವ್ಯವಸ್ಥೆಯೇ ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಇದನ್ನು ರೂಪಿಸಿದರು. ಸಾಮಾನ್ಯವಾಗಿ ಸಂಪರ್ಕ ಕೊಟ್ಟ ಸಂಸ್ಥೆಯೇ ಈ ಸೇವೆಯನ್ನು ಒದಗಿಸುತ್ತದೆ. ಅದು ತಡವರಿಸಿದರೆ 2009ರಲ್ಲಿ ಬಂದ ಗೂಗಲ್‌ನ 8.8.8.8 ಅಥವಾ 2018ರಲ್ಲಿ ಬಂದ ಕ್ಲೌಡ್‌ಫ್ಲೇರ್‌ನ 1.1.1.1 ಅನ್ನು ಬಳಸಬಹುದು. ಇದರಿಂದ ವಿಳಾಸ ಬೇಗ ದೊರೆತೀತೇ ಹೊರತು ಸಂಪರ್ಕದ ವೇಗ ಹೆಚ್ಚದು. ದಾರಿ ಕೇಳಿದ ಮಾತ್ರಕ್ಕೆ ದಾರಿ ಅಗಲವಾಗುವುದುಂಟೆ?

ದಾರಿ ಹೇಳುವವನೇ ವಂಚಕನಾದರೆ ಬ್ಯಾಂಕಿಗೆ ಹೊರಟವರು ಕಳ್ಳನ ಬಾಗಿಲು ತಟ್ಟಬೇಕಾದೀತು. 2011ರಲ್ಲಿ ಬಯಲಾದ ‘ಡಿಎನ್‌ಎಸ್ ಚೇಂಜರ್’ ಎಂಬ ದುಷ್ಟ ತಂತ್ರಾಂಶವು ಸುಮಾರು 40 ಲಕ್ಷ ಗಣಕಗಳನ್ನು ಹೀಗೆ ದಾರಿ ತಪ್ಪಿಸಿತ್ತು.

ಆದುದರಿಂದ ಅಂಕಿ ಬದಲಿಸುವ ಮುನ್ನ ಹಳೆಯದನ್ನು ಬರೆದಿಟ್ಟುಕೊಳ್ಳಿರಿ. ಅಪರಿಚಿತರ ಅಂಕಿಗಳನ್ನು ನಂಬದಿರಿ. ರೂಟರಿನೊಡನೆ ಬಂದ ಗುಪ್ತಪದವನ್ನು ತಪ್ಪದೆ ಬದಲಿಸಿರಿ.

ಅಂದು ಕೋಣೆಯ ಕಬ್ಬಿಣದ ಬೀರುವಿನ ಹಿಂದಿದ್ದ ರೂಟರನ್ನು ನಡುಮನೆಗೆ ತಂದಿರಿಸಿದೆವು. ಚಕ್ರ ನಿಂತಿತು, ಚಿತ್ರ ಮೂಡಿತು. ಅಂಕಿಗಳನ್ನು ಬರೆದಿದ್ದ ಚೀಟಿಯನ್ನು ಮೊಮ್ಮಗನೇ ಹರಿದೆಸೆದನು.